ಸ್ವಿಚ್ಚನ್ನು ದೂಷಿಸುವ ಮುನ್ನ

ಮಳೆಗಾಲದಲ್ಲಿ ಆಗುಂಬೆಯ ಘಾಟಿಯನ್ನು ಕಾರಿನಲ್ಲಿ ಏರಿದವರಿಗೆ ಹಿಂದಿನ ಗಾಜು ಕುರುಡಾಗುವ ಪರಿಯನ್ನು ವಿವರಿಸಬೇಕಾದುದಿಲ್ಲ. ಹೊರಗೆ ಜಡಿಮಳೆ ಹೊಯ್ಯುತ್ತಿರುತ್ತದೆ. ಒಳಗೆ ನಾಲ್ಕೈದು ಮಂದಿ, ಅವರ ಒದ್ದೆ ಬಟ್ಟೆ, ನೀರಿಳಿಯುವ ಕೊಡೆಗಳು. ಉಸಿರಿನಿಂದಲೂ ಬಟ್ಟೆಯಿಂದಲೂ ಎದ್ದ ನೀರಾವಿ ತಣ್ಣನೆಯ ಗಾಜನ್ನು ಸೋಂಕಿದೊಡನೆ ಹನಿಗಟ್ಟುತ್ತದೆ. ಆ ಹನಿಗಳು ಒಂದೊಂದಾಗಿ ಕಣ್ಣಿಗೆ ಕಾಣವು. ಎಲ್ಲವೂ ಸೇರಿ ಬೆಳಕನ್ನು ಚದುರಿಸಿ ಗಾಜನ್ನು ಹಾಲಿನಂತೆ ಬೆಳ್ಳಗಾಗಿಸುತ್ತವೆ. ಮುಂದಿನ ಗಾಜಿಗೆ ಗಾಳಿ ಊದುವ ಏರ್ಪಾಡು ಉಂಟು. ಒರಸಲು ಕೈಯೂ ಎಟಕುತ್ತದೆ. ಹಿಂದಿನದಕ್ಕೆ ಇವೆರಡೂ ಇಲ್ಲ. ಹಿಂದೆ ಬರುತ್ತಿರುವ ಬಸ್ಸು ಹತ್ತು ಗಜದಲ್ಲಿದೆಯೋ ನೂರು ಗಜದಲ್ಲಿದೆಯೋ ಚಾಲಕನಿಗೆ ತಿಳಿಯುವುದಿಲ್ಲ.

ಇದಕ್ಕೆಂದೇ ಅನೇಕ ಕಾರುಗಳಲ್ಲಿ ಹಿಂದಿನ ಗಾಜಿನ ಮೇಲೆ ಅಡ್ಡಡ್ಡಲಾಗಿ ಕಂದುಬಣ್ಣದ ಸಣ್ಣ ಗೆರೆಗಳಿರುತ್ತವೆ. ಅವು ಅಲಂಕಾರದ ಗೆರೆಗಳಲ್ಲ. ಬೆಳ್ಳಿಯ ಪುಡಿಯನ್ನೂ ಗಾಜಿನ ಪುಡಿಯನ್ನೂ ಕಲಸಿದ ಲೇಪವನ್ನು ಗಾಜಿನ ಮೇಲೆ ಅಚ್ಚೊತ್ತಿ, ಕುಲುಮೆಯಲ್ಲಿ ಕಾಯಿಸಿ, ಗಾಜಿಗೇ ಬೆಸೆದು ಮಾಡಿದ ವಿದ್ಯುದ್ವಾಹಕಗಳು. ಗಾಜಿನ ಎಡಬಲಗಳಲ್ಲಿ ಎರಡು ಅಗಲವಾದ ಪಟ್ಟಿಗಳಿದ್ದು, ಗೆರೆಗಳ ತುದಿಗಳೆಲ್ಲ ಅವುಗಳಿಗೆ ಸೇರುತ್ತವೆ. ಪ್ರವಾಹ ಹರಿದಾಗ ಗೆರೆಗಳು ಕಾಯುತ್ತವೆ. ಗಾಜಿನ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಒಂದೆರಡು ಡಿಗ್ರಿ ಮೇಲೇರಿದರೂ ಸಾಕು, ಹನಿಗಳು ಆರತೊಡಗುತ್ತವೆ. ಇದೇ ಡಿಫಾಗರ್. ಗೆರೆಗಳೆಲ್ಲ ಸಮಾಂತರ ಜೋಡಣೆಯಲ್ಲಿವೆ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

2024ರ ಜುಲೈ ತಿಂಗಳಲ್ಲಿ ಉಡುಪಿಯ ನಮ್ಮ ಸ್ನೇಹಿತರೊಬ್ಬರ ಕಾರಿನಲ್ಲಿ ಈ ಘಾಟಿಯನ್ನು ಏರುವ ಸಂದರ್ಭ ಒದಗಿತು. ಅವರು ಡಿಫಾಗರಿನ ಸ್ವಿಚ್ಚನ್ನು ಒತ್ತಿದರು. ಸ್ವಿಚ್ಚಿನ ಪುಟ್ಟ ದೀಪ ಬೆಳಗಿತು. ಗಾಜು ಮಾತ್ರ ಬೆಳ್ಳಗೆ ಇದ್ದಂತೆಯೇ ಇತ್ತು. ಊರಿಗೆ ಮರಳಿದ ಮೇಲೆ ಅವರು ಒಂದು ಗ್ಯಾರೇಜಿಗೆ ಹೋದರು. ಅಲ್ಲಿ ಮೊದಲು ಸ್ವಿಚ್ಚನ್ನು ಬದಲಾಯಿಸಿದರು. ಗುಣವಾಗಲಿಲ್ಲ. ಬಳಿಕ ರಿಲೇಯನ್ನು ಬದಲಾಯಿಸಿದರು. ಗುಣವಾಗಲಿಲ್ಲ. ಕೊನೆಗೆ ಮೆಕ್ಯಾನಿಕ್ ಒಂದು ಪರೀಕ್ಷಾದೀಪದ ತುದಿಯನ್ನು ಗಾಜಿಗೆ ಬರುವ ತಂತಿಗೂ ಇನ್ನೊಂದನ್ನು ಕಾರಿನ ಕಬ್ಬಿಣದ ಮೈಗೂ ತಾಗಿಸಿದನು. ದೀಪ ಚೆನ್ನಾಗಿ ಉರಿಯಿತು. “ನೋಡಿ ಸರ್, ಕರೆಂಟು ಬರ್ತಾ ಉಂಟು. ಗಾಜೇ ಹೋಗಿದೆ. ಹೊಸ ಗಾಜು ಹಾಕ್ಬೇಕಷ್ಟೆ,” ಎಂದನು. ಹೊಸ ಗಾಜಿನ ಬೆಲೆಯನ್ನು ಕೇಳಿ ಸ್ನೇಹಿತರು ಕಾರನ್ನು ನಮ್ಮ ಮನೆಯ ಅಂಗಳಕ್ಕೆ ತಂದರು.

ಈ ಮೆಕ್ಯಾನಿಕನನ್ನು ಹಳಿಯುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಅವನ ಹತ್ತು ಊಹೆಗಳಲ್ಲಿ ಏಳೋ ಎಂಟೋ ಸರಿಯಾಗಿಯೇ ಇರುತ್ತವೆ. ಸಂಜೆಯೊಳಗೆ ಕಾರು ಬೇಕೆಂದು ಅವಸರಪಡಿಸುವವರು ನಾವೇ. ನಮ್ಮ ಆಕ್ಷೇಪವಿರುವುದು ಬೇರೆಡೆಯಲ್ಲಿ. ನಮ್ಮ ಸ್ನೇಹಿತರು ಭೌತವಿಜ್ಞಾನವನ್ನು ಪದವಿಯವರೆಗೆ ಓದಿದವರು. ಓಮನ ನಿಯಮವನ್ನು ಅವರು ನಿದ್ದೆಯಲ್ಲಿಯೂ ಹೇಳಬಲ್ಲರು. ಆದರೆ ಆ ನಿಯಮ ತಮ್ಮ ಕಾರಿನ ಹಿಂಬಾಗಿಲಲ್ಲಿ ಕೆಲಸ ಮಾಡುತ್ತಿದೆಯೆಂಬುದು ಅವರಿಗೆ ಹೊಳೆಯಲಿಲ್ಲ. ಮೂರು ಬಾರಿ ಹಣ ತೆತ್ತರೂ ಒಂದು ಬಾರಿಯೂ “ಅಳೆದು ನೋಡಿದಿರಾ?” ಎಂದು ಕೇಳಲಿಲ್ಲ. ಇದು ಅವರ ತಪ್ಪಲ್ಲ, ಅವರಿಗೆ ಕಲಿಸಿದ ರೀತಿಯ ತಪ್ಪು ಎಂಬುದೇ ನಮ್ಮ ಅಭಿಪ್ರಾಯ.

ಈಗ ಆ ವಿದ್ಯುನ್ಮಂಡಲವನ್ನು ನೋಡೋಣ. ಡಿಫಾಗರಿನಲ್ಲಿ ಮಂಡಲ ಒಂದಲ್ಲ, ಎರಡು. ಗಾಜಿನ ಗೆರೆಗಳೆಲ್ಲ ಸೇರಿದ ರೋಧ ಸುಮಾರು ಒಂದು ಓಮ್ ಮಾತ್ರ. ಆದಕಾರಣ ಅದರಲ್ಲಿ 10ರಿಂದ 20 ಆಂಪೇರುಗಳಷ್ಟು ಭಾರಿ ಪ್ರವಾಹ ಹರಿಯುತ್ತದೆ. ಇಷ್ಟನ್ನು ಬೆರಳಿನಿಂದ ಒತ್ತುವ ಪುಟ್ಟ ಸ್ವಿಚ್ಚಿನ ಮೂಲಕ ಹರಿಸಿದರೆ ಏನಾದೀತು? ಸ್ವಿಚ್ಚಿನ ತುಟಿಗಳ ನಡುವೆ 0.1 ಓಮ್ ರೋಧ ಬೆಳೆದರೂ 15 ಆಂಪೇರಿಗೆ ಅಲ್ಲಿ ಹುಟ್ಟುವ ಶಾಖ 22 ವಾಟಿಗೂ ಹೆಚ್ಚು. ಪ್ಲಾಸ್ಟಿಕ್ ಕರಗಲು ಅಷ್ಟು ಧಾರಾಳವಾಗಿ ಸಾಕು. ಆದ್ದರಿಂದ ನಡುವೆ ರಿಲೇ ಎಂಬ ಕಿಂಕರನನ್ನು ನಿಲ್ಲಿಸಿರುತ್ತಾರೆ. ಸ್ವಿಚ್ಚು ರಿಲೇಯ ಸುರುಳಿಗೆ ಒಂದು ಆಂಪೇರಿನ ಐದನೆಯ ಒಂದು ಭಾಗದಷ್ಟು ಪ್ರವಾಹವನ್ನು ಮಾತ್ರ ಕೊಡುತ್ತದೆ. ಸುರುಳಿ ಅಯಸ್ಕಾಂತವಾಗಿ ದಪ್ಪ ತುಟಿಗಳನ್ನು ಎಳೆದು ಮುಚ್ಚುತ್ತದೆ. ಭಾರಿ ಪ್ರವಾಹ ಬ್ಯಾಟರಿಯಿಂದ ಫ್ಯೂಸಿನ ಮೂಲಕ, ಈ ತುಟಿಗಳ ಮೂಲಕ ಗಾಜಿಗೆ ಹೋಗುತ್ತದೆ. ಗಾಜಿನಿಂದ ಹಿಂದಿರುಗುವ ದಾರಿ ಕಾರಿನ ಕಬ್ಬಿಣದ ಮೈಯೇ. ಗಾಜಿನ ಇನ್ನೊಂದು ಪಟ್ಟಿಯಿಂದ ಹೊರಟ ಒಂದು ತಂತಿಯನ್ನು ಬೋಲ್ಟಿನಿಂದ ಈ ಮೈಗೆ ಬಿಗಿದಿರುತ್ತಾರೆ. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಮೆಕ್ಯಾನಿಕರು ಅದನ್ನು ‘ಅರ್ತ್’ ಎನ್ನುತ್ತಾರೆ. ನಾವೂ ಹಾಗೆಯೇ ಅನ್ನೋಣ. ಹತ್ತು ಹದಿನೈದು ನಿಮಿಷಗಳ ಬಳಿಕ ತಾನಾಗಿ ಆರಿಸುವ ಒಂದು ಕಾಲಮಾಪಕವೂ ಸಾಮಾನ್ಯವಾಗಿ ಇರುತ್ತದೆ.

ಹೀಗಿರುವಾಗ, ಗಾಜು ಬಿಸಿಯಾಗದಿದ್ದರೆ ಮೊದಲು ಕೇಳಬೇಕಾದುದು “ಯಾವ ಭಾಗ ಕೆಟ್ಟಿದೆ?” ಎಂದಲ್ಲ; “ಎರಡು ಮಂಡಲಗಳಲ್ಲಿ ಯಾವುದು ಕೆಟ್ಟಿದೆ?” ಎಂದು. ಇದಕ್ಕೆ ಉಪಕರಣವೇ ಬೇಡ, ಕಿವಿ ಸಾಕು. ಎಂಜಿನನ್ನು ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುಗಿಸಿ, ಸ್ವಿಚ್ಚನ್ನು ಒತ್ತಿದಾಗ ರಿಲೇ ‘ಟಕ್’ ಎಂದರೆ ಸ್ವಿಚ್ಚೂ ಸುರುಳಿಯೂ ತಮ್ಮ ಕೆಲಸವನ್ನು ಮಾಡಿವೆ ಎಂದೇ ಹೆಚ್ಚುಕಡಮೆ ಅರ್ಥ. (ಕೆಲವು ಕಾರುಗಳಲ್ಲಿ ಎಂಜಿನ್ ಓಡುತ್ತಿದ್ದರಲ್ಲದೆ ಇದು ಕೆಲಸ ಮಾಡದು.) ರಾತ್ರಿ ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ಒತ್ತಿ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ: 15 ಆಂಪೇರ್ ಒಮ್ಮೆಲೇ ಹರಿಯತೊಡಗಿದರೆ ದೀಪಗಳು ಕ್ಷಣಕಾಲ ತುಸು ಮಂಕಾಗುತ್ತವೆ. ನಮ್ಮ ಸ್ನೇಹಿತರ ಕಾರಿನಲ್ಲಿ ರಿಲೇ ಟಕ್ಕೆಂದಿತು, ದೀಪಗಳು ಮಂಕಾಗಲಿಲ್ಲ. ಎಂದರೆ ಅಪ್ಪಣೆ ಮುಟ್ಟಿದೆ, ಕೆಲಸ ನಡೆದಿಲ್ಲ. ಸ್ವಿಚ್ಚನ್ನು ಬದಲಾಯಿಸಿದ್ದು ವ್ಯರ್ಥವೆಂಬುದು ಒಂದು ಸ್ಕ್ರೂವನ್ನೂ ಬಿಚ್ಚದೆ ತಿಳಿಯಬಹುದಾಗಿತ್ತು.

ಗಾಜಿನ ಮೇಲಿನ ಆರೋಪವೂ ಯೋಚನೆಯ ಎದುರಿಗೆ ನಿಲ್ಲದು. ಆ ಗಾಜಿನ ಮೇಲೆ ಹದಿನಾಲ್ಕು ಗೆರೆಗಳಿದ್ದವು. ಅವು ಸಮಾಂತರದಲ್ಲಿವೆಯೆಂದು ಹೇಳಿದೆವಷ್ಟೆ. ಒಂದು ಗೆರೆ ಕಡಿದರೆ ಆ ಒಂದು ಗೆರೆಯ ಸುತ್ತಿನ ಪಟ್ಟೆ ಮಾತ್ರ ಬೆಳ್ಳಗೆ ಉಳಿಯುತ್ತದೆ. ಉಳಿದ ಹದಿಮೂರು ತಮ್ಮ ಕೆಲಸವನ್ನು ಮಾಡುತ್ತವೆ. ಹದಿನಾಲ್ಕೂ ಒಂದೇ ದಿನ ಕಡಿದುಹೋಗಲು ಯಾವ ಕಾರಣವಿದೆ? ಎಲ್ಲವೂ ಒಟ್ಟಿಗೆ ಸತ್ತಿದ್ದರೆ ದೋಷವಿರುವುದು ಎಲ್ಲಕ್ಕೂ ಸಾಮಾನ್ಯವಾದ ದಾರಿಯಲ್ಲಿ. ಹತ್ತನೆಯ ತರಗತಿಯ ಪುಸ್ತಕದಲ್ಲಿರುವ ಪಾಠವಿದು. ಸಾವಿರಾರು ರೂಪಾಯಿಗಳ ಗಾಜನ್ನು ಉಳಿಸಬಲ್ಲ ಪಾಠವೆಂದು ಆಗ ಯಾರೂ ಹೇಳಿರುವುದಿಲ್ಲ.

ಇನ್ನು ಅಳತೆ. ಎಂಜಿನ್ ಓಡುತ್ತಿರುವಾಗ, ಡಿಫಾಗರ್ ಚಾಲೂ ಇರುವಾಗ, ಕೆಲವೇ ನೂರು ರೂಪಾಯಿಗಳ ಮಲ್ಟಿಮೀಟರಿನಿಂದ ನಾವು ಅಳೆದೆವು. ಬ್ಯಾಟರಿಯ ತುದಿಗಳ ನಡುವೆ 13.5 ವೋಲ್ಟ್. ಗಾಜಿಗೆ ಪ್ರವಾಹ ಬರುವ ತುದಿಗೂ ಕಾರಿನ ಮೈಗೂ ನಡುವೆ 13.4 ವೋಲ್ಟ್. ಮೆಕ್ಯಾನಿಕ್ ಕಂಡದ್ದು ಇದನ್ನೇ. ಅವನ ದೀಪ ಸುಳ್ಳು ಹೇಳಿರಲಿಲ್ಲ. ಆದರೆ ದೀಪದ ಇನ್ನೊಂದು ತುದಿಯನ್ನು ಅವನು ಇಟ್ಟದ್ದು ಕಾರಿನ ಮೈಯ ಮೇಲೆ, ಗಾಜಿನ ಇನ್ನೊಂದು ಪಟ್ಟಿಯ ಮೇಲಲ್ಲ. ನಾವು ಮೀಟರನ್ನು ಗಾಜಿನ ಎರಡು ಪಟ್ಟಿಗಳ ನಡುವೆಯೇ ಇಟ್ಟಾಗ ತೋರಿದ್ದು 1.8 ವೋಲ್ಟ್ ಮಾತ್ರ! ಉಳಿದ 11.6 ವೋಲ್ಟ್ ಎಲ್ಲಿ ಹೋಯಿತು? ಗಾಜಿನ ಅರ್ತ್ ಪಟ್ಟಿಗೂ ಕಾರಿನ ಮೈಗೂ ನಡುವೆ ಮೀಟರನ್ನು ಇಟ್ಟೆವು. ಅದು ಅಲ್ಲಿ ಸಿಕ್ಕಿತು. ಸರಿಯಾದ ಅರ್ತ್ ಇದ್ದರೆ ಅಲ್ಲಿ 0.1 ವೋಲ್ಟಿನಷ್ಟು ಇರತಕ್ಕದ್ದು.

ಲೆಕ್ಕವನ್ನು ಮುಂದುವರಿಸುವ ಸಂತೋಷವನ್ನು ಬಿಡಲಾಗಲಿಲ್ಲ. ಎಂಜಿನನ್ನು ನಿಲ್ಲಿಸಿ, ತಂತಿಗಳನ್ನು ಕಳಚಿ, ಗಾಜಿನ ರೋಧವನ್ನು ಅಳೆದೆವು. ಇಷ್ಟು ಕಡಮೆ ರೋಧವನ್ನು ಅಳೆಯುವಾಗ ಮೀಟರಿನ ತಂತಿಗಳ ರೋಧವೂ ಲೆಕ್ಕಕ್ಕೆ ಬರುತ್ತದೆ. ಅವುಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ ಕಂಡ 0.2 ಓಮನ್ನು ಕಳೆಯಬೇಕಾಯಿತು. ಉಳಿದದ್ದು 0.9 ಓಮ್. 1.8 ವೋಲ್ಟನ್ನು 0.9 ಓಮಿನಿಂದ ಭಾಗಿಸಿದರೆ ಪ್ರವಾಹ 2 ಆಂಪೇರ್. ಗಾಜಿಗೆ ದೊರೆತ ಶಕ್ತಿ 1.8ನ್ನು 2ರಿಂದ ಗುಣಿಸಿದಷ್ಟು, ಅಂದರೆ 3.6 ವಾಟ್, ದೊರೆಯಬೇಕಾದುದು ಸುಮಾರು 190 ವಾಟ್. ಇತ್ತ ಅರ್ತ್ ಬೋಲ್ಟಿನಲ್ಲಿ 11.6 ವೋಲ್ಟ್, 2 ಆಂಪೇರ್: 5.8 ಓಮ್ ರೋಧ, 23 ವಾಟ್ ಶಾಖ. ಹಿಂಬಾಗಿಲ ಒಳಹೊದಿಕೆಯನ್ನು ತೆಗೆದು ಬೋಲ್ಟನ್ನು ಮುಟ್ಟಿದರೆ ಕೈ ಚುರ್ರೆಂದಿತು. ಗಾಜನ್ನು ಕಾಯಿಸಬೇಕಾಗಿದ್ದ ಏರ್ಪಾಡು ಬೋಲ್ಟನ್ನು ಕಾಯಿಸುತ್ತಿತ್ತು! ಕಡಲ ತೀರದ ಉಪ್ಪುಗಾಳಿಗೆ ಬೋಲ್ಟಿನ ಅಡಿಯಲ್ಲೆಲ್ಲ ತುಕ್ಕು ಹಿಡಿದಿತ್ತು. ಅದನ್ನು ಉಜ್ಜುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸು ಸವರಿದೆವು. ಮತ್ತೆ ಅಳೆದಾಗ ಗಾಜಿನ ಪಟ್ಟಿಗಳ ನಡುವೆ 13.0 ವೋಲ್ಟ್. ಒಟ್ಟು ವೆಚ್ಚ ಒಂದು ಉಜ್ಜುಕಾಗದ.

ಇಲ್ಲಿ ಒಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೀಟರನ್ನು ಹಿಡಿದವರೂ ಇಲ್ಲಿಯೇ ಎಡವುವುದು. ಗಾಜಿನ ತಂತಿಯನ್ನು ಕಳಚಿ, ತೆರೆದ ತುದಿಯಲ್ಲಿ ವೋಲ್ಟುಗಳನ್ನು ಅಳೆದು, “12 ಬರುತ್ತಿದೆ, ದಾರಿ ಸರಿಯಾಗಿದೆ” ಎನ್ನುವುದು ವಾಡಿಕೆ. ಅಂಕಿಗಳನ್ನು ತೋರಿಸುವ ಇಂದಿನ ಮೀಟರಿನ ಒಳರೋಧ ಸುಮಾರು ಒಂದು ಕೋಟಿ ಓಮ್. ದಾರಿಯಲ್ಲಿ 100 ಓಮ್ ತುಕ್ಕು ಇದ್ದರೂ ಅದು ಒಂದು ಕೋಟಿಯ ಎದುರಿಗೆ ಲೆಕ್ಕಕ್ಕಿಲ್ಲ. ಮೀಟರು 12 ವೋಲ್ಟುಗಳನ್ನೇ ತೋರುತ್ತದೆ. ಅದೇ ದಾರಿಗೆ 0.9 ಓಮ್ ಗಾಜನ್ನು ಜೋಡಿಸಿ ನೋಡಿ: ಗಾಜಿಗೆ ದೊರೆಯುವುದು 0.1 ವೋಲ್ಟ್. ಭಾರ ಹೊರಿಸದೆ ಎತ್ತಿನ ಬಲವನ್ನು ತಿಳಿಯಲಾಗದು. ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದ ತಂತಿಯೂ ಓಮ್ ಮಾಪಕದಲ್ಲಿ ‘ಸೊನ್ನೆ’ಯನ್ನೇ ತೋರಿಸೀತು, 15 ಆಂಪೇರನ್ನು ಹೊರಲು ಹೇಳಿದಾಗ ಅದರ ಬಂಡವಾಳ ತಿಳಿಯುತ್ತದೆ. ಆದ್ದರಿಂದ ಮಂಡಲ ಕೆಲಸ ಮಾಡುತ್ತಿರುವಾಗಲೇ, ಪ್ರತಿಯೊಂದು ಜೋಡಣೆಯ ಎರಡು ಬದಿಗಳ ನಡುವಿನ ವಿಭವಾಂತರವನ್ನು ಅಳೆಯಬೇಕು. ಮುಚ್ಚಿದ ಒಳ್ಳೆಯ ಸ್ವಿಚ್ಚಿನ ಎರಡು ತುದಿಗಳ ನಡುವೆ ಮೀಟರು ಸೊನ್ನೆಯ ಹತ್ತಿರ ಇರಬೇಕು. “ಸೊನ್ನೆ ತೋರಿತು, ಸ್ವಿಚ್ಚು ಸತ್ತಿದೆ” ಎಂದು ಬರೆದ ಕಾಲೇಜು ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಸೊನ್ನೆ ಇಲ್ಲಿ ಆರೋಗ್ಯದ ಗುರುತು.

ಸ್ವಿಚ್ಚಿನ ಮೇಲೆಯೇ ಸಂಶಯವಿದ್ದರೆ, ಎಂದರೆ ರಿಲೇ ಟಕ್ಕೆನ್ನದಿದ್ದರೆ, ಮಂಡಲವನ್ನು ಅರ್ಧಕ್ಕೆ ಕತ್ತರಿಸಿದಂತೆ ಪರೀಕ್ಷಿಸುವುದು ಲೇಸು. ಅದಕ್ಕೆ ನಡುಮನೆಯೇ ರಿಲೇಯ ಕುಳಿ. ಹಲವು ಕಾರುಗಳ ರಿಲೇಗಳಲ್ಲಿ ಕಾಲುಗಳ ಮೇಲೆ 30, 87, 85, 86 ಎಂಬ ಅಂಕಿಗಳಿರುತ್ತವೆ: 30 ಬ್ಯಾಟರಿಯ ಕಡೆ, 87 ಗಾಜಿನ ಕಡೆ, 85 ಮತ್ತು 86 ಸುರುಳಿಯ ತುದಿಗಳು. ಮೊದಲು ಫ್ಯೂಸುಗಳನ್ನು ನೋಡಿ, ರಿಲೇಯನ್ನು ಕಿತ್ತು, ಕುಳಿಯ 30ನ್ನೂ 87ನ್ನೂ ನಡುವೆ ಫ್ಯೂಸಿರುವ ದಪ್ಪ ತಂತಿಯಿಂದ ಜೋಡಿಸಿದರೆ ಗಾಜು ಕಾಯುವುದೋ ಇಲ್ಲವೋ? ಕಾದರೆ ಭಾರಿ ಮಂಡಲವೆಲ್ಲ ಒಂದೇ ಏಟಿಗೆ ನಿರ್ದೋಷಿ. ತಪ್ಪು ರಿಲೇಯದು, ಸ್ವಿಚ್ಚಿನದು, ಇಲ್ಲವೆ ಅವುಗಳ ನಡುವಿನ ತಂತಿಯದು. ಬಳಿಕ ಸುರುಳಿಯ ಎರಡು ಕುಳಿಗಳ ನಡುವೆ ಮೀಟರನ್ನಿಟ್ಟು ಸ್ವಿಚ್ಚನ್ನು ಒತ್ತಬೇಕು. ಬ್ಯಾಟರಿಯ ವೋಲ್ಟುಗಳು ತೋರಿದರೆ ಅಪ್ಪಣೆ ಅಲ್ಲಿಯವರೆಗೆ ಬಂದಿದೆಯೆಂದಾಗುತ್ತದೆ. ಆಗ ಸಂಶಯ ರಿಲೇಯ ಮೇಲೆ. ತೋರದಿದ್ದರೆ ಮಾತ್ರ ಸ್ವಿಚ್ಚಿನ ಕಡೆಗೆ ಕೈ ಹಾಕಬಹುದು. ಹೀಗೆ ಪ್ರತಿ ಸಲವೂ ಅರ್ಧವನ್ನು ತಳ್ಳಿಹಾಕುತ್ತ ಹೋದರೆ ಹದಿನಾರು ಜೋಡಣೆಗಳಿದ್ದರೂ ನಾಲ್ಕು ಅಳತೆಗಳು ಸಾಕು. ಕುರುಡಾಗಿ ಬದಲಾಯಿಸುವವನಿಗೆ ಹದಿನಾರೂ ಬೇಕಾಗಬಹುದು.

ಎಚ್ಚರಿಕೆಯ ಮಾತುಗಳನ್ನೂ ಹೇಳಿಬಿಡಬೇಕು. 12 ವೋಲ್ಟ್ ಮೈಗೆ ಹೊಡೆಯುವುದಿಲ್ಲ, ನಿಜ. ಆದರೆ ಬ್ಯಾಟರಿಯ ತುದಿಗಳು ಉಂಗುರದಿಂದಲೋ ಗಡಿಯಾರದ ಪಟ್ಟಿಯಿಂದಲೋ ಕೂಡಿಕೊಂಡರೆ ನೂರಾರು ಆಂಪೇರ್ ಹರಿದು ಲೋಹ ಕೆಂಪಗೆ ಕಾಯುತ್ತದೆ. ಅವನ್ನು ಕಳಚಿಟ್ಟು ಕೆಲಸಕ್ಕೆ ಕೂರಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನನ್ನು ಓಡಿಸಕೂಡದು. ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿರುತ್ತದೆ. ಸಾಮಾನ್ಯ ಮಲ್ಟಿಮೀಟರು 10 ಆಂಪೇರಿಗಿಂತ ಹೆಚ್ಚನ್ನು ತಾಳದಾದ್ದರಿಂದ ಗಾಜಿನ ಪ್ರವಾಹವನ್ನು ನೇರವಾಗಿ ಅದರಲ್ಲಿ ಹರಿಸಬಾರದು. ನಾವು ಮಾಡಿದಂತೆ ವೋಲ್ಟಿನಿಂದ ಲೆಕ್ಕ ಹಾಕಬೇಕು. ಗಾಜಿನ ಗೆರೆಗಳನ್ನು ಪರೀಕ್ಷಿಸುವಾಗ ಮೀಟರಿನ ಚೂಪು ತುದಿಗೆ ತವರದ ಹಾಳೆಯನ್ನು ಸುತ್ತಿಕೊಂಡರೆ ಬೆಳ್ಳಿ ಕೆರೆದುಹೋಗದು. ಸರಿಯಾದ ಗೆರೆಯ ನಟ್ಟನಡುವೆ ಪೂರ್ಣ ವೋಲ್ಟಿನ ಅರ್ಧ ತೋರುತ್ತದೆ; ಕಡಿದ ಗೆರೆಯಲ್ಲಿ ಅರ್ತ್ ಕಡೆಯಿಂದ ಬರುವಾಗ ಸೊನ್ನೆಯೇ ಸೊನ್ನೆ, ಕಡಿತವನ್ನು ದಾಟಿದ ಕೂಡಲೆ 12ಕ್ಕೆ ಜಿಗಿತ. ಆ ಜಾಗಕ್ಕೆ ಬೆಳ್ಳಿಯ ಬಣ್ಣವನ್ನು ಹಚ್ಚಿದರೆ ಗೆರೆ ಮತ್ತೆ ಕೂಡುತ್ತದೆ.

ಈ ಬಗೆಯ ಹುಡುಕಾಟ ಹೊಸತೇನಲ್ಲ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ಮೊದಲನೆಯ ತಂತಿಯಲ್ಲಿ ಸಂದೇಶಗಳು ಕ್ಷೀಣಿಸಿದಾಗ, ವೈಟ್‌ಹೌಸ್ ಎಂಬಾತ ಅಳತೆಗಿಂತ ಬಲವನ್ನೇ ನಂಬಿ ಸುಮಾರು 2,000 ವೋಲ್ಟುಗಳನ್ನು ಪ್ರಯೋಗಿಸಿದನು. ಕೆಲವೇ ವಾರಗಳಲ್ಲಿ ತಂತಿ ಪೂರ್ಣ ಮೂಕವಾಯಿತು. ಸೂಕ್ಷ್ಮವಾದ ಗ್ಯಾಲ್ವನೋಮೀಟರಿನಿಂದ ದುರ್ಬಲ ಪ್ರವಾಹವನ್ನು ಗುರುತಿಸುವ ದಾರಿಯನ್ನು ಹಿಡಿದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು. ಮುಂದಿನ ದಿನಗಳಲ್ಲಿ ದಡದಲ್ಲಿ ಕುಳಿತು ತಂತಿಯ ರೋಧವನ್ನು ಅಳೆದು, ಕಡಿತ ಎಷ್ಟು ಮೈಲಿ ದೂರದಲ್ಲಿದೆಯೆಂದು ಲೆಕ್ಕಮಾಡಿ, ಅಲ್ಲಿಗೇ ಹಡಗನ್ನು ಕಳುಹಿಸುವುದು ನಿತ್ಯದ ಕೆಲಸವಾಯಿತು. ಇಡೀ ತಂತಿಯನ್ನು ಬದಲಾಯಿಸಿ ನೋಡೋಣವೆಂದು ಅಲ್ಲಿ ಯಾರೂ ಹೇಳುವಂತಿರಲಿಲ್ಲ.

ಇಂದಿನ ಕಾರುಗಳಲ್ಲಿ ಗಣಕಗಳಿವೆ, ದೋಷವನ್ನು ಅವೇ ಹೇಳುತ್ತವೆ, ಈ ಪಾಡು ಏಕೆ ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಸ ಕಾರುಗಳಲ್ಲಿ ಸ್ವಿಚ್ಚು ರಿಲೇಯ ಸುರುಳಿಗೆ ಪ್ರವಾಹವನ್ನು ಕೊಡದೆ, ಗಣಕಕ್ಕೆ ಒಂದು ಸಣ್ಣ ಸಂಜ್ಞೆಯನ್ನು ಮಾತ್ರ ಕಳುಹಿಸುವುದುಂಟು. ಅಂಥ ತಂತಿಗೆ ಪರೀಕ್ಷಾದೀಪವನ್ನು ತಾಗಿಸಿದರೆ ಗಣಕಕ್ಕೇ ಅಪಾಯ. ಮೀಟರಿನಿಂದ ಮಾತ್ರ ನೋಡಬೇಕು. ಆದರೆ ಗಣಕ ಹೆಚ್ಚೆಂದರೆ “ಈ ಮಂಡಲದಲ್ಲಿ ದೋಷವಿದೆ” ಎಂದು ಒಂದು ಸಂಖ್ಯೆಯನ್ನು ಕೊಡುತ್ತದೆ. ಯಾವ ಬೋಲ್ಟಿನ ಅಡಿಯಲ್ಲಿ ತುಕ್ಕು ಹಿಡಿದಿದೆಯೆಂದು ಅದು ಹೇಳಲಾರದು. ಆ ಸಂಖ್ಯೆಯನ್ನೇ ತೀರ್ಪೆಂದು ತಿಳಿದು ಭಾಗಗಳನ್ನು ಬದಲಾಯಿಸುವವರು ಹೆಚ್ಚಿದರೆ ಊಹೆಯ ಕಾಟ ಕಡಮೆಯಾಗುವುದಿಲ್ಲ, ದುಬಾರಿಯಾಗುತ್ತದೆ.

ನಮ್ಮ ಶಾಲೆ ಕಾಲೇಜುಗಳ ಪ್ರಯೋಗಶಾಲೆಗಳ ವಿಷಯದಲ್ಲಿ ನಮಗಿರುವ ಅತೃಪ್ತಿ ಇದು: ಅಲ್ಲಿ ವಿದ್ಯಾರ್ಥಿಗೆ ಯಾವಾಗಲೂ ಆರೋಗ್ಯವಂತ ಮಂಡಲವನ್ನೇ ಕೊಡುತ್ತಾರೆ. ಉತ್ತರ ಮೊದಲೇ ಗೊತ್ತು. ಅದು ಬರುವವರೆಗೆ ತಂತಿಗಳನ್ನು ಅಲುಗಾಡಿಸುವುದು, ಬಾರದಿದ್ದರೆ ಪಕ್ಕದವನ ಪುಸ್ತಕವನ್ನು ನೋಡುವುದು. ತಂತಿ ಸಡಿಲವಾಗಿ ಮುಳ್ಳು ಅಲುಗದಿದ್ದರೆ ಸಹಾಯಕರು ಬಂದು ಸರಿಮಾಡಿ ಹೋಗುತ್ತಾರೆ. ಪ್ರಯೋಗದಲ್ಲಿ ಕಲಿಯಬೇಕಾದ ನಿಜವಾದ ಗಳಿಗೆ ಅದೇ. ಅದನ್ನೇ ಅವನ ಕೈಯಿಂದ ಕಿತ್ತುಕೊಂಡಂತಾಗುತ್ತದೆ. ವೈದ್ಯಶಾಲೆಯಲ್ಲಿ ರೋಗಿಯನ್ನೇ ತೋರಿಸದೆ ವೈದ್ಯರನ್ನು ತಯಾರಿಸಿದರೆ ನಾವು ಒಪ್ಪುವೆವೆ?

ಮಾಡಬೇಕಾದುದು ದುಬಾರಿಯೂ ಅಲ್ಲ. ಒಂದು ಮರದ ಹಲಗೆ, 12 ವೋಲ್ಟ್ ಬ್ಯಾಟರಿ, ಫ್ಯೂಸು, ಗುಜರಿಯಲ್ಲಿ ಸಿಗುವ ಕಾರಿನ ರಿಲೇ, ಸ್ವಿಚ್ಚು, ಗಾಜಿಗೆ ಬದಲಾಗಿ 21 ವಾಟಿನ ಬ್ರೇಕ್ ದೀಪ. ಹಲಗೆಯ ಹಿಂಬದಿಯಲ್ಲಿ ಅಧ್ಯಾಪಕರು ಒಂದು ದೋಷವನ್ನು ಅಡಗಿಸಿಡಲಿ: ಒಂದು ವಾರ ಕಡಿದ ತಂತಿ, ಇನ್ನೊಂದು ವಾರ ಸುರುಳಿ ಸುಟ್ಟ ರಿಲೇ, ಮತ್ತೊಂದು ವಾರ ತುಕ್ಕಿಗೆ ಪ್ರತಿನಿಧಿಯಾಗಿ ಅರ್ತ್ ದಾರಿಯಲ್ಲಿ 10 ವಾಟನ್ನು ತಾಳುವ 5 ಓಮ್ ರೋಧಕ. ವಿದ್ಯಾರ್ಥಿ ಏನನ್ನೂ ಬಿಚ್ಚದೆ, ಅಳತೆಗಳನ್ನು ಬರೆದು, ದೋಷವೆಲ್ಲಿದೆಯೆಂದು ಹೇಳಲಿ. ಎಷ್ಟು ಕಡಮೆ ಅಳತೆಗಳಲ್ಲಿ ಹೇಳಿದನೋ ಅಷ್ಟು ಹೆಚ್ಚು ಅಂಕ. ಪರೀಕ್ಷೆಯಲ್ಲಿಯೂ ಇದನ್ನೇ ಕೊಡಲಿ.

ಅಂಥ ಒಂದು ಹಲಗೆಯನ್ನು ನಾವು ನೆರೆಯ ಹೈಸ್ಕೂಲಿಗೆ ಮಾಡಿಕೊಟ್ಟಿದ್ದೇವೆ. ಗ್ಯಾರೇಜಿನಲ್ಲಿ ‘ಕೆಟ್ಟಿದೆ’ ಎಂದು ಕಿತ್ತು ಕೊಟ್ಟ ಸ್ವಿಚ್ಚನ್ನು ಸ್ನೇಹಿತರು ಎಸೆಯದೆ ಇಟ್ಟುಕೊಂಡಿದ್ದರು. ಹಲಗೆಯ ಮೇಲೆ ಇರುವುದು ಅದೇ. ಅದರ ಮೂಲಕ ಪ್ರವಾಹ ಹರಿಯುವಾಗ ಎರಡು ತುದಿಗಳ ನಡುವೆ ಹುಡುಗರು ಅಳೆದ ವಿಭವಾಂತರ 0.02 ವೋಲ್ಟ್.